ಹಾಲು ಕುಡಿಸುವುದು ಸುಲಭ, ಹುಲ್ಲಿಗೆ ತರುವುದು ಕಷ್ಟ

ತಾಯಿ ಮೊಲ ತನ್ನ ಮರಿಗಳ ಹತ್ತಿರ ದಿನಕ್ಕೆ ಒಂದು ಸಲ ಬರುತ್ತದೆ. ಕೆಲವೊಮ್ಮೆ ಎರಡು ಸಲ. ಬಂದರೂ ಮೂರು ನಾಲ್ಕು ನಿಮಿಷ ಅಷ್ಟೇ. ಮರಿಗಳ ಮೇಲೆ ನಿಂತುಕೊಂಡು ಹಾಲು ಕುಡಿಸುತ್ತದೆ, ಹೋಗಿಬಿಡುತ್ತದೆ. ಜೊತೆಯಲ್ಲಿ ಮಲಗಿ ಬೆಚ್ಚಗೆ ಇಡುವುದಿಲ್ಲ, ಕಾವಲು ಕೂರುವುದಿಲ್ಲ. ತಾನು ಅಲ್ಲೇ ಸುಳಿದಾಡುತ್ತಿದ್ದರೆ ಬೇಟೆಗೆ ಬರುವ ಪ್ರಾಣಿಗೆ ಗೂಡಿನ ದಾರಿ ತೋರಿಸಿದಂತಾಗುತ್ತದೆ. ದೂರ ಇರುವುದೇ ಅದು ಮಾಡುವ ಕಾಪು.

ಇದು ಗೊತ್ತಿಲ್ಲದೆ ಎಷ್ಟೋ ಜನ ಚೆನ್ನಾಗಿರುವ ಮರಿಗಳನ್ನು ಅನಾಥ ಅಂದುಕೊಂಡು ಎತ್ತಿಕೊಂಡು ಬರುತ್ತಾರೆ. "ಬೆಳಗ್ಗೆಯಿಂದ ನೋಡ್ತಾ ಇದೀನಿ, ತಾಯಿ ಒಂದು ಸಲಾನೂ ಬಂದಿಲ್ಲ" ಅನ್ನುತ್ತಾರೆ. ಹಾಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು, ಮರಿಯ ಹೊಟ್ಟೆ ನೋಡಿ ಅಂತ. ಹಾಲು ಕುಡಿದ ಮರಿಯ ಹೊಟ್ಟೆ ದುಂಡಗಿರುತ್ತದೆ, ಚರ್ಮ ಬಿಗಿಯಾಗಿರುತ್ತದೆ. ಕೂದಲು ಬಾರದ ಎಳೆ ಮರಿಯಾದರೆ ತೆಳ್ಳನೆ ಚರ್ಮದ ಕೆಳಗೆ ಹಾಲಿನ ಬಿಳಿ ಪಟ್ಟಿಯೇ ಕಾಣುತ್ತದೆ. ಹಸಿದ ಮರಿಯ ಚರ್ಮ ಸುಕ್ಕುಗಟ್ಟಿರುತ್ತದೆ, ಮೈ ತಣ್ಣಗಿರುತ್ತದೆ. ಹೊಟ್ಟೆ ದುಂಡಗಿದ್ದರೆ ಗೂಡು ಮುಚ್ಚಿ ಸುಮ್ನೆ ಬಂದುಬಿಡಿ.

ತಾಯಿ ನಿಜಕ್ಕೂ ಇಲ್ಲ ಅಂತಾದರೆ, ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ಸಾಕುಮೊಲ ಎಲ್ಲಾದರೂ ಇದೆಯಾ ಹುಡುಕಿ. ಆ ಗೂಡಿಗೆ ಸೇರಿಸಿದರೆ ಎಷ್ಟೋ ಸಲ ಅದು ತನ್ನ ಮರಿಗಳ ಜೊತೆ ಇದಕ್ಕೂ ಹಾಲು ಕೊಡುತ್ತದೆ. ನಾವು ಸಿರಿಂಜಿನಲ್ಲಿ ಕುಡಿಸುವ ಯಾವ ಹಾಲೂ ಅದಕ್ಕೆ ಸಮ ಅಲ್ಲ. ಕಾಡುಮೊಲದ ಮರಿಯಾದರೆ ಮನೆಯಲ್ಲಿ ಸಾಕಲು ಹೋಗಬೇಡಿ, ವನ್ಯಜೀವಿಗಳನ್ನು ನೋಡಿಕೊಳ್ಳುವವರ ಕೈಗೆ ಒಪ್ಪಿಸಿ. ನಾನು ಇಲ್ಲಿ ಹೇಳುತ್ತಿರುವುದೆಲ್ಲ ಸಾಕುಮೊಲದ ಮಾತು.

ಚುಕ್ಕಿ ನಮ್ಮ ಮನೆಗೆ ಬಂದಾಗ ಬೇರೆ ಯಾವ ದಾರಿಯೂ ಇರಲಿಲ್ಲ. ಮರಿ ಹಾಕಿದ ಕೆಲವೇ ದಿನಕ್ಕೆ ತಾಯಿ ಸತ್ತುಹೋಗಿತ್ತು. ಉಳಿದದ್ದು ಎರಡು ಮರಿ. ಕಣ್ಣು ತೆರೆದಿರಲಿಲ್ಲ, ಕಿವಿ ತಲೆಗೆ ಅಂಟಿಕೊಂಡಿತ್ತು, ಮೈಮೇಲೆ ಆಗಷ್ಟೇ ಕೂದಲು ಮೂಡುತ್ತಿತ್ತು. ಒಂದರ ಹಣೆಯಲ್ಲಿ ಬಿಳಿ ಚುಕ್ಕಿ. ಹಾಗಾಗಿ ಆ ಹೆಸರು.

ಇಂಥ ಮರಿ ಕೈಗೆ ಬಂದ ತಕ್ಷಣ ಎಲ್ಲರೂ ಹಾಲಿಗೆ ಓಡುತ್ತಾರೆ. ಆದರೆ ಮೊದಲು ಬೇಕಾದದ್ದು ಬಿಸಿ. ತಣ್ಣಗಾದ ಮರಿಗೆ ಹಾಲು ಕೊಡಲೇಬಾರದು. ಮೈ ತಣ್ಣಗಿದ್ದಾಗ ಕರುಳು ಓಡುವುದಿಲ್ಲ, ಕುಡಿದ ಹಾಲು ಹೊಟ್ಟೆಯಲ್ಲೇ ಕೂತು ಕೆಡುತ್ತದೆ. ಸರಿಯಾಗಿ ನುಂಗಲೂ ಆಗುವುದಿಲ್ಲ. ಬೆಚ್ಚನೆ ನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮರಿಗೆ ಬಿಸಿ ಜಾಸ್ತಿಯಾದರೆ ಆಚೆ ಸರಿದುಕೊಳ್ಳಲು ಜಾಗ ಬಿಡಿ. ಮೈ ಪೂರ್ತಿ ಬೆಚ್ಚಗಾಗಿ ಅದು ತಾನಾಗಿ ಕೈಕಾಲು ಆಡಿಸತೊಡಗಿದ ಮೇಲೆ ಹಾಲಿನ ಮಾತು.

ಯಾವ ಹಾಲು? ಮೊಲದ ಹಾಲು ಬಹಳ ಗಟ್ಟಿ. ಅದರಲ್ಲಿ ಕೊಬ್ಬು ಸುಮಾರು ಶೇ 12ರಿಂದ 13, ಪ್ರೋಟೀನ್ ಶೇ 10ರಿಂದ 12. ಹಸುವಿನ ಹಾಲಿನಲ್ಲಿ ಎರಡೂ ಶೇ 3–4ರ ಆಸುಪಾಸು. ದಿನಕ್ಕೆ ಒಂದೇ ಸಲ ಕುಡಿದು ಮರಿ ಬೆಳೆಯುವುದು ಈ ಗಟ್ಟಿತನದಿಂದಲೇ. ಸಕ್ಕರೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಶೇ 5ರ ಹತ್ತಿರ, ಮೊಲದ ಹಾಲಿನಲ್ಲಿ ಶೇ 2ಕ್ಕೂ ಕಡಿಮೆ. ಬರೀ ಹಸುವಿನ ಹಾಲು ಕೊಟ್ಟರೆ ಬೇಕಾದ್ದು ಸಿಗುವುದಿಲ್ಲ, ಬೇಡವಾದ್ದು ಜಾಸ್ತಿಯಾಗುತ್ತದೆ. ಜೀರ್ಣವಾಗದೆ ಉಳಿದ ಸಕ್ಕರೆ ಕರುಳಲ್ಲಿ ಹುಳಿದು ಗ್ಯಾಸ್ ಆಗುತ್ತದೆ. ಹಾಗಾಗಿ ಬೆಕ್ಕಿನ ಮರಿಗಳಿಗೆಂದು ಮಾಡಿದ ಹಾಲಿನ ಪುಡಿಯನ್ನೋ ಮೇಕೆ ಹಾಲನ್ನೋ ಬಳಸುತ್ತಾರೆ. ಕೊಬ್ಬು ಸಾಲದು ಅಂತ ಸ್ವಲ್ಪ ಕ್ರೀಮ್ ಸೇರಿಸುವವರೂ ಇದ್ದಾರೆ. ನಾನು ಬಳಸಿದ್ದು ಬೆಕ್ಕಿನ ಮರಿಯ ಪುಡಿ. ಅದಕ್ಕೆ ಸಕ್ಕರೆ, ಜೇನುತುಪ್ಪ ಯಾವುದನ್ನೂ ಹಾಕಬಾರದು. ಒಂದು ಪುಡಿ ಹಿಡಿದರೆ ಅದರಲ್ಲೇ ಮುಂದುವರಿಯಬೇಕು. ಒಂದು ಹೊತ್ತು ಇದು, ಇನ್ನೊಂದು ಹೊತ್ತು ಅದು ಅಂತ ಬದಲಾಯಿಸುತ್ತಾ ಹೋದರೆ ಈ ಹೊಟ್ಟೆ ತಡೆದುಕೊಳ್ಳುವುದಿಲ್ಲ.

ಕುಡಿಸುವ ಕೆಲಸಕ್ಕೆ ಸೂಜಿ ತೆಗೆದ 1 ಮಿ.ಲೀ. ಸಿರಿಂಜ್ ಸಾಕು. ಮರಿಯನ್ನು ಬಟ್ಟೆಯಲ್ಲಿ ಸುತ್ತಿ, ಅದು ನಾಲ್ಕು ಕಾಲ ಮೇಲೆ ಕೂತಂತೆ, ತಲೆ ಸ್ವಲ್ಪವೇ ಮೇಲಿರುವಂತೆ ಹಿಡಿಯಬೇಕು. ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಎಳೆ ಮರಿಗೆ ಆ ನ್ಯುಮೋನಿಯಾ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕಕ್ಕೆ ತಂದು ಒಂದು ಹನಿ ತುಟಿಗೆ ತಾಗಿಸಿ ಕಾಯಬೇಕು. ಚುಕ್ಕಿ ಮೊದಮೊದಲು ತಲೆಯನ್ನು ಆಚೀಚೆ ಕೊಸರುತ್ತಿತ್ತು. ಆಮೇಲೆ ಸೂಜಿಮೊನೆಯಷ್ಟು ನಾಲಿಗೆ ಹೊರಗೆ ಬರುತ್ತಿತ್ತು, ಹನಿ ಮಾಯ. ಗಂಟಲು ಒಮ್ಮೆ ಅಲುಗುತ್ತಿತ್ತು. ಆ ಗುಟುಕು ಇಳಿದದ್ದು ಕಂಡ ಮೇಲೆ ಮುಂದಿನ ಹನಿ. ಮೂಗಿನಲ್ಲಿ ಗುಳ್ಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ತಲೆ ತುಸು ಕೆಳಗೆ ಮಾಡಿ, ಮೂಗು ಒರೆಸಬೇಕು.

ಮರಿ ಸಿರಿಂಜಿಗೆ ಸುಲಭವಾಗಿ ಒಗ್ಗದೇ ಇರುವುದಕ್ಕೆ ಒಂದು ಕಾರಣ ವಾಸನೆ. ತಾಯಿಯ ಹಾಲಿನಲ್ಲಿ ಒಂದು ವಿಶೇಷ ವಾಸನೆಯ ಅಂಶ ಇದೆ. ಕಣ್ಣಿಲ್ಲದ, ಕಿವಿ ಕೇಳದ ಮರಿಗಳು ಕೆಲವೇ ಸೆಕೆಂಡಿನಲ್ಲಿ ಮೊಲೆತೊಟ್ಟು ಹುಡುಕಿಕೊಳ್ಳುವುದು ಅದರ ಜಾಡು ಹಿಡಿದೇ. 2003ರಲ್ಲಿ ವಿಜ್ಞಾನಿಗಳು ಆ ಅಂಶ ಯಾವುದು ಅಂತ ಗುರುತಿಸಿದರು. ನಮ್ಮ ಪ್ಲಾಸ್ಟಿಕ್ ತುದಿಯಲ್ಲಿ ಅದೆಲ್ಲಿ ಬರಬೇಕು? ಅದಕ್ಕೇ ತಾಳ್ಮೆ ಬೇಕು. ಒತ್ತಾಯ ಮಾಡಿದರೆ ಹಾಲು ಹೋಗಬಾರದ ಕಡೆ ಹೋಗುತ್ತದೆ.

ಇನ್ನು ಎಷ್ಟು ಅನ್ನುವ ಪ್ರಶ್ನೆ. ಮಧ್ಯಮ ಗಾತ್ರದ ತಳಿಗಳಿಗೆ ಸಾಮಾನ್ಯವಾಗಿ ಹೇಳುವ ಅಳತೆ ಹೀಗಿದೆ. ಹುಟ್ಟಿದ ಹೊಸದರಲ್ಲಿ ಹೊತ್ತಿಗೆ 2.5 ಮಿ.ಲೀ., ದಿನಕ್ಕೆ ಎರಡು ಹೊತ್ತು. ಒಂದು ವಾರ ತುಂಬುವಾಗ ಹೊತ್ತಿಗೆ 6–7. ಎರಡು ವಾರಕ್ಕೆ 12–13. ಮೂರು ವಾರದ ನಂತರ ಹೊತ್ತಿಗೆ 15 ಅಂದರೆ ಅದೇ ಮೇಲಿನ ಮಿತಿ. ಕುಳ್ಳ ತಳಿಗಳಿಗೆ ಇದಕ್ಕಿಂತ ಕಡಿಮೆ. ಈ ಅಂಕಿ ಮುಟ್ಟಿಸಲೇಬೇಕು ಅಂತಲ್ಲ, ಇದನ್ನು ದಾಟಬಾರದು ಅಂತ.

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕಷ್ಟದ ಸಂಯಮ. ಅಂಗೈಯಲ್ಲಿ ಹಿಡಿದ ಜೀವ ಇನ್ನೂ ಬೇಕು ಅಂತ ಬಾಯಿ ಚಾಚುತ್ತಿರುವಾಗ ಸಿರಿಂಜ್ ಕೆಳಗಿಡಲು ಮನಸ್ಸು ಬರುವುದಿಲ್ಲ. ಪಾಪ, ಇನ್ನೊಂದು ಸ್ವಲ್ಪ ಕುಡಿಯಲಿ ಅನಿಸುತ್ತದೆ. ಎರಡು ಗಂಟೆಗೊಮ್ಮೆ ಕೊಟ್ಟರೆ ಬೇಗ ಚೇತರಿಸಿಕೊಳ್ಳಬಹುದು ಅನಿಸುತ್ತದೆ. ಮೊಲ ವಾಂತಿ ಮಾಡಲಾರದು. ಒಳಗೆ ಹೋದದ್ದು ಹಿಂದಕ್ಕೆ ಬರುವ ದಾರಿಯೇ ಇಲ್ಲ. ಜಾಸ್ತಿಯಾದ ಹಾಲು ಕರುಳಲ್ಲಿ ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಇಲ್ಲವೇ ಭೇದಿ ಹಿಡಿಯುತ್ತದೆ. ಕೈಯಲ್ಲಿ ಸಾಕಿದ ಮರಿಗಳಿಗೆ ಹಸಿವಿನಷ್ಟೇ ಅಪಾಯ ಅತಿಯಾದ ಊಟದಿಂದಲೂ ಇದೆ. ತಾಯಿಯೇ ದಿನಕ್ಕೊಮ್ಮೆ ಬಂದು ಹೋಗುತ್ತಿತ್ತು ಅನ್ನುವುದನ್ನು ಆಗ ನೆನಪಿಸಿಕೊಳ್ಳಬೇಕು.

ಹಾಲು ಕುಡಿದ ಮೇಲೆ ಇನ್ನೊಂದು ಕೆಲಸ ಇದೆ. ಕಣ್ಣು ತೆರೆಯುವವರೆಗೆ, ಅಂದರೆ ಸುಮಾರು 10 ದಿನದವರೆಗೆ, ಮರಿ ಚೆನ್ನಾಗಿ ಉಚ್ಚೆ ಹೊಯ್ಯಲು, ಹಿಕ್ಕೆ ಹಾಕಲು ತಾಯಿ ನೆಕ್ಕಿ ಸಹಾಯ ಮಾಡುತ್ತದೆ. ಉಗುರುಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನೂ ಹಿಂಬದಿಯನ್ನೂ ಮೆಲ್ಲಗೆ ಸವರಿದರೆ ಕೆಲಸ ಆಗುತ್ತದೆ. ಆಮೇಲೆ ಮೈ ಒರೆಸಿ ಒಣಗಿಸಬೇಕು. ಬಾಯಿ, ಕುತ್ತಿಗೆಯ ಮೇಲೆ ಹಾಲು ಒಣಗಿ ಅಂಟಿಕೊಂಡರೆ ಕೂದಲು ಉದುರಿ ಹುಣ್ಣಾಗುತ್ತದೆ.

ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಇದ್ದರೆ ಅದನ್ನು ಮರಿಯ ಪಕ್ಕದಲ್ಲೇ ಇಟ್ಟುಕೊಳ್ಳಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಕಣ್ಣಿಗೆ ಮರಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ತೂಕ ಮಾತ್ರ ನಿಂತಿರುತ್ತದೆ. ಆ ನಿಂತ ತೂಕವೇ ಎಷ್ಟೋ ಸಲ ಮೊದಲ ಸುಳಿವು. ಪಶುವೈದ್ಯರಿಗೂ "ಸ್ವಲ್ಪ ಡಲ್ ಆಗಿದೆ" ಅನ್ನುವುದಕ್ಕಿಂತ ಆ ಪುಸ್ತಕವೇ ಜಾಸ್ತಿ ಹೇಳುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆದು ಮರಿ ಕಣ್ಣು ತೆರೆದರೆ, ಗುಂಡಗೆ ಆಗಿ ಓಡಾಡತೊಡಗಿದರೆ, ಗೆದ್ದೆವು ಅನಿಸುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ.

ತಾಯಿಯ ಹಾಲು ಮರಿಗೆ ಬರೀ ಆಹಾರ ಅಲ್ಲ, ಔಷಧಿ ಕೂಡ. ಆ ಹಾಲಿನ ಕೊಬ್ಬು ಮರಿಯ ಹೊಟ್ಟೆಯಲ್ಲಿ ಒಡೆದಾಗ ಕೆಲವು ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಅಂತ ಅವುಗಳ ಹೆಸರು. ಒಟ್ಟಾಗಿ ಹಾಲಿನೆಣ್ಣೆ ಅನ್ನಬಹುದು. ಇವು ಕೆಟ್ಟ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ದೊಡ್ಡ ಮೊಲದ ಹೊಟ್ಟೆಯ ಆಮ್ಲ ಬಹಳ ಕಟು, ಪಿಎಚ್ 1ರಿಂದ 2 (ಈ ಅಂಕಿ ಕಡಿಮೆಯಾದಷ್ಟೂ ಆಮ್ಲ ಕಟು). ತಿಂದ ಸೊಪ್ಪಿನ ಜೊತೆ ಬಂದ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಮರಿಯ ಹೊಟ್ಟೆಯಲ್ಲಿ ಅಂಥ ಆಮ್ಲ ಇನ್ನೂ ಇಲ್ಲ, ಪಿಎಚ್ 5ರಿಂದ 6.5. ಆ ಕೊರತೆಯನ್ನು ಹಾಲಿನೆಣ್ಣೆ ತುಂಬುತ್ತದೆ. ತಾಯಿಯ ಹಾಲು ಕಡಿಮೆಯಾಗುತ್ತಾ ಬಂದ ಹಾಗೆ ಆಮ್ಲ ಏರುತ್ತಾ ಬರುತ್ತದೆ. ಒಂದು ಕಾವಲು ಇಳಿಯುವ ಹೊತ್ತಿಗೆ ಇನ್ನೊಂದು ನಿಂತಿರುತ್ತದೆ.

ಬೆಕ್ಕಿನ ಮರಿಯ ಪುಡಿ ಕುಡಿದ ಮೊಲದ ಮರಿಗೆ ಈ ಮೊದಲ ಕಾವಲು ಇಲ್ಲವೇ ಇಲ್ಲ. ಸಿರಿಂಜನ್ನು ಪ್ರತಿ ಸಲ ಕುದಿಯುವ ನೀರಲ್ಲಿ ಹಾಕುವುದು, ಹೊತ್ತಿಗೆ ಹೊತ್ತಿಗೆ ಹಾಲು ಹೊಸದಾಗಿ ಕಲಸುವುದು, ಕೈ ತೊಳೆಯುವುದು, ಹಾಸು ಒದ್ದೆಯಾಗಲು ಬಿಡದಿರುವುದು, ಇವುಗಳಲ್ಲಿ ಯಾವುದೂ ಅತಿ ಮಡಿಯಲ್ಲ. ತಾಯಿಯ ಹಾಲು ಒಳಗಿನಿಂದ ಮಾಡುತ್ತಿದ್ದ ಕೆಲಸವನ್ನು ನಾವು ಹೊರಗಿನಿಂದ ಆದಷ್ಟು ಮಾಡುತ್ತಿದ್ದೇವೆ, ಅಷ್ಟೇ.

ಮೂರನೇ ವಾರದಲ್ಲಿ ಮರಿ ಹುಲ್ಲಿಗೆ ಬಾಯಿ ಹಾಕುತ್ತದೆ. ಅಲ್ಲಿಯವರೆಗೆ ಬರೀ ಹಾಲು ಕಂಡ ಕರುಳಿಗೆ ನಾರು ಬರುತ್ತದೆ. ಅದರ ಜೊತೆ ಲಕ್ಷಾಂತರ ಸೂಕ್ಷ್ಮಜೀವಿಗಳೂ ಬರುತ್ತವೆ. ಇವುಗಳಲ್ಲಿ ಬೇಕಾದವು ಮೊದಲು ನೆಲೆಯೂರಿದರೆ ಮರಿ ಉಳಿಯುತ್ತದೆ. ಚುಕ್ಕಿಯ ಜೊತೆಗಿದ್ದ ಮರಿ ಹೋದದ್ದು ಇದೇ ವಾರದಲ್ಲಿ. ಸಂಜೆ ಹಾಲು ಕುಡಿದು ಆಟವಾಡಿತ್ತು. ರಾತ್ರಿ ಒಂದು ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿತು. ಬೆಳಗಾಗುವಷ್ಟರಲ್ಲಿ ಹಿಂಬದಿಯೆಲ್ಲ ನೀರುನೀರು. ವೈದ್ಯರ ಹತ್ತಿರ ತಲುಪಿದೆವು, ಚರ್ಮದ ಕೆಳಗೆ ದ್ರವವನ್ನೂ ಕೊಟ್ಟರು, ಆದರೂ ಉಳಿಯಲಿಲ್ಲ. ಎಳೆ ಮರಿಯ ಭೇದಿ ಅಂದರೆ ಗಂಟೆಗಳ ಲೆಕ್ಕ ಅಂತ ಓದಿದ್ದು ಆ ರಾತ್ರಿ ಅರ್ಥವಾಯಿತು.

ಮೊಲದ ಹೊಟ್ಟೆಯ ಕಥೆ ಇರುವುದೇ ಸೀಕಮ್ ಅನ್ನುವ ಚೀಲದಲ್ಲಿ. ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲಿ ಅದು ಇದೆ. ನಮ್ಮಲ್ಲಿ ಅದು ಚಿಕ್ಕದು, ಮೊಲದಲ್ಲಿ ಹೊಟ್ಟೆಯೊಳಗಿನ ದೊಡ್ಡ ಪಾಲು ಜಾಗ ಅದರದ್ದೇ. ಹುಲ್ಲು ಅಲ್ಲಿಗೆ ಬಂದಾಗ ಕರುಳು ಜರಡಿ ಹಿಡಿಯುತ್ತದೆ. ಒರಟು ನಾರು ಮುಂದೆ ಹೋಗಿ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣನೆಯ ಭಾಗವನ್ನು ಕರುಳು ಹಿಂದಕ್ಕೆ ತಳ್ಳಿ ಸೀಕಮ್ಮಿಗೆ ಕಳಿಸುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಪ್ರೋಟೀನ್, ಬಿ ಜೀವಸತ್ವಗಳನ್ನು ಮಾಡುತ್ತವೆ. ಆ ಹುದುಗಿದ್ದು ಮೆತ್ತನೆ ಹಿಕ್ಕೆಯಾಗಿ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡು, ಲೋಳೆ ಹೊದ್ದು ಬರುತ್ತದೆ. ಮೊಲ ಅದನ್ನು ನೆಲಕ್ಕೆ ಬೀಳಲೂ ಬಿಡದೆ ಬಾಯಿಂದಲೇ ತೆಗೆದುಕೊಂಡು ನುಂಗುತ್ತದೆ. ಹೊಸಬರು ಇದನ್ನು ನೋಡಿ ಅಸಹ್ಯಪಡುತ್ತಾರೆ. ಅದು ಮೊಲದ ಎರಡನೇ ಊಟ, ತಡೆಯಬಾರದು.

ಮರಿಗೆ ಈ ಬ್ಯಾಕ್ಟೀರಿಯಾಗಳು ಸಿಗುವುದು ಹೆಚ್ಚಾಗಿ ತಾಯಿಯಿಂದ. ಹಾಲು ಕುಡಿಸಲು ಬಂದ ತಾಯಿ ಗೂಡಿನಲ್ಲಿ ಒಂದಷ್ಟು ಹಿಕ್ಕೆ ಬಿಟ್ಟು ಹೋಗುತ್ತದೆ. ಎರಡನೇ ವಾರದಿಂದ ಮರಿಗಳು ಅದನ್ನು ಮೆಲ್ಲುತ್ತವೆ. ಅನಾಥ ಮರಿಗೆ ಆ ಆಸ್ತಿ ಯಾರು ಕೊಡಬೇಕು? ಆರೋಗ್ಯವಂತ ದೊಡ್ಡ ಮೊಲದ ಮೆತ್ತನೆ ಹಿಕ್ಕೆಯನ್ನು ಉಗುರಿನ ತುದಿಯಷ್ಟು ತೆಗೆದು ಹಾಲಿನಲ್ಲಿ ಕದಡಿ ಕೊಡುವ ಪದ್ಧತಿ ಇದೆ. ಚುಕ್ಕಿಗೆ ನಾವೂ ಹಾಗೇ ಮಾಡಿದೆವು. ಗೆಳತಿಯ ಮನೆಯ ಹೆಣ್ಣುಮೊಲದ ಹಿಕ್ಕೆಯನ್ನು ಮೊದಲು ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ ಪರಾವಲಂಬಿಗಳಿಲ್ಲ ಅಂತ ಖಚಿತ ಮಾಡಿದರು. ಆಮೇಲೆ ಅದು ಮೆತ್ತನೆ ಹಿಕ್ಕೆ ಹಾಕುವ ಹೊತ್ತು ನೋಡಿ ಗೆಳತಿ ಪಕ್ಕದಲ್ಲೇ ಕೂತಳು. ಮೊಲ ತಲೆ ಬಗ್ಗಿಸುವಷ್ಟರಲ್ಲಿ ಕೈ ಹಾಕಬೇಕು. ಸಿಕ್ಕಿದ್ದು ಎರಡು ಸಣ್ಣ ಉಂಡೆ. ಹುಳಿಮಿಶ್ರಿತ ಗಾಢ ವಾಸನೆ, ಮುಟ್ಟಿದರೆ ಅಂಟು. ಹಾಲಿಗೆ ಕದಡಿದಾಗ ಅದು ಮಾಸಲು ಹಸಿರಾಯಿತು. ಚುಕ್ಕಿ ಮೂಗು ಆಡಿಸಿ, ಬೇರೆ ದಿನಕ್ಕಿಂತ ಬೇಗ ಬೇಗ ನೆಕ್ಕಿ ಮುಗಿಸಿದಳು. ಅದೊಂದರಿಂದಲೇ ಉಳಿದಳು ಅಂತ ನಾನು ಹೇಳುವುದಿಲ್ಲ. ಆದರೆ ಅವಕಾಶ ಇದ್ದರೆ ವೈದ್ಯರನ್ನು ಕೇಳಿ ಇದನ್ನು ಮಾಡಿ ಅಂತ ಖಂಡಿತ ಹೇಳುತ್ತೇನೆ.

ಕಣ್ಣು ತೆರೆದ ಕೆಲವು ದಿನಕ್ಕೇ ಗೂಡಿನಲ್ಲಿ ಒಣಹುಲ್ಲು ಹಾಕಿಡಬೇಕು. ಹಾಸಿಗೆಯೂ ಅದೇ, ಊಟವೂ ಅದೇ. ಮೊದಲು ಸುಮ್ನೆ ಕಚ್ಚಿ ಬಿಡುತ್ತದೆ, ಆಮೇಲೆ ಒಂದೊಂದೇ ಎಳೆ ಒಳಗೆ ಹೋಗುತ್ತದೆ. ತಿಮೋತಿಯಂಥ ಹುಲ್ಲಿನ ಜೊತೆ ಬೆಳೆಯುವ ವಯಸ್ಸಿನಲ್ಲಿ ಲೂಸರ್ನ್ ಅನ್ನುವ ಮೇವಿನ ಸೊಪ್ಪನ್ನೂ ಒಣಗಿಸಿ ಕೊಡಬಹುದು, ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ. ಆಳವಿಲ್ಲದ ತಟ್ಟೆಯಲ್ಲಿ ನೀರು ಇರಲಿ. ಮೊಲಗಳ ಪೆಲೆಟ್ ಕೊಡುವುದಾದರೆ ಬಣ್ಣಬಣ್ಣದ ಕಾಳು ಬೆರೆಸದ ಸಾದಾ ಪೆಲೆಟ್ ಮಾತ್ರ, ಅದೂ ಸ್ವಲ್ಪ. ಬ್ರೆಡ್, ಬಿಸ್ಕತ್ತು, ಧಾನ್ಯ, ಸಿಹಿ ಹಣ್ಣು ಬೇಡವೇ ಬೇಡ. ಎಳೆ ಮರಿ ಪಿಷ್ಟವನ್ನು ಪೂರ್ತಿ ಅರಗಿಸಿಕೊಳ್ಳಲಾರದು. ಉಳಿದದ್ದು ಸೀಕಮ್ಮಿಗೆ ಹೋಗಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವು ಬಿಡುವ ವಿಷ ಒಂದೆರಡು ದಿನದಲ್ಲೇ ಮರಿಯನ್ನು ಕೊಲ್ಲಬಲ್ಲದು. ನಾರು ಚೆನ್ನಾಗಿ ಹೋಗುತ್ತಿದ್ದರೆ ಕರುಳು ಓಡುತ್ತಿರುತ್ತದೆ. ಓಡುವ ಕರುಳಲ್ಲಿ ಇಂಥವು ಬೇರೂರುವುದು ಕಷ್ಟ.

ಹಿಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಾಲಿನ ದಿನಗಳಲ್ಲಿ ಅದು ಹಳದಿ ಕಂದು, ಮೆತ್ತಗೆ. ಹುಲ್ಲು ಹಿಡಿದ ಮೇಲೆ ದುಂಡಗಾಗುತ್ತದೆ, ಒಣಗುತ್ತದೆ, ಒಡೆದರೆ ಒಳಗೆ ನಾರು ಕಾಣುತ್ತದೆ. ಚುಕ್ಕಿ ಹಾಕಿದ ಮೊದಲ ಗಟ್ಟಿ ಹಿಕ್ಕೆಯನ್ನು ನಾನು ಬೆರಳಲ್ಲಿ ಒಡೆದು ಬೆಳಕಿಗೆ ಹಿಡಿದು ನೋಡಿದ್ದೆ. ಒಳಗೆ ಹುಲ್ಲಿನ ಚೂರು ಕಂಡಾಗ ಆದ ಸಂತೋಷ, ಕಣ್ಣು ತೆರೆದ ದಿನವೂ ಆಗಿರಲಿಲ್ಲ.

ನೀರಿನಂಥ ಭೇದಿ, ಬರೀ ಲೋಳೆ, ಹೊಟ್ಟೆ ಬಿಗಿಯಾಗಿ ಉಬ್ಬಿ ತಟ್ಟಿದರೆ ಟೊಳ್ಳು ಸದ್ದು, ಹಲ್ಲು ಕಡಿಯುವುದು, ಗೂನಿ ಕೂರುವುದು, ಹಾಲು ಬೇಡ ಅನ್ನುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಮರಿಯನ್ನು ಬೆಚ್ಚಗೆ ಇಟ್ಟುಕೊಂಡೇ ಹೊರಡಿ. ಹಾಲು ಬಿಡುವ ವಯಸ್ಸಿನಲ್ಲಿ ಕಾಕ್ಸಿಡಿಯಾ ಅನ್ನುವ ಪರಾವಲಂಬಿಯೂ ಭೇದಿ ತರುತ್ತದೆ. ಹಿಕ್ಕೆ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಹಾಗಾಗಿ ಒಂದಿಷ್ಟು ತಾಜಾ ಹಿಕ್ಕೆ ಜೊತೆಗೆ ಒಯ್ಯಿರಿ.

ಮೊಲಗಳನ್ನು ನೋಡಿ ಅನುಭವ ಇರುವ ಪಶುವೈದ್ಯರು ಯಾರು ಅನ್ನುವುದನ್ನು ಮರಿ ಚೆನ್ನಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಇವನ್ನು ಮೊಲಕ್ಕೆ ಬಾಯಿಂದ ಕೊಡಬಾರದು. ನಾಯಿ, ಬೆಕ್ಕು, ಮನುಷ್ಯರಿಗೆ ದಿನಾ ಬರೆಯುವ ಔಷಧಿಗಳೇ ಇವು, ಮನೆಯ ಡಬ್ಬಿಯಲ್ಲೂ ಇರುತ್ತವೆ. ಮೊಲದ ಹೊಟ್ಟೆಯಲ್ಲಿ ಇವು ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಕ್ಲಾಸ್ಟ್ರಿಡಿಯಂಗೆ ಜಾಗ ಬಿಟ್ಟುಕೊಡುತ್ತವೆ. ಮೊಲಕ್ಕೆ ಆಗಿಬರುವ ಬೇರೆ ಆಂಟಿಬಯಾಟಿಕ್‌ಗಳಿವೆ. ಯಾವುದು, ಎಷ್ಟು ಅನ್ನುವುದು ವೈದ್ಯರ ನಿರ್ಧಾರ. ಕೊಡುತ್ತಿರುವ ಔಷಧಿಯ ಹೆಸರು ಕೇಳಿ ಬರೆದುಕೊಳ್ಳುವುದು ನಮ್ಮ ಕೆಲಸ. ಕೇಳಲು ಸಂಕೋಚ ಬೇಡ.

ಹಾಲು ಬಿಡಿಸುವುದಕ್ಕೂ ಅವಸರ ಬೇಡ. ಆರು ವಾರದ ಹೊತ್ತಿಗೆ ಮರಿ ಹುಲ್ಲು ಚೆನ್ನಾಗಿ ತಿನ್ನುತ್ತಿದ್ದರೆ ಒಂದು ಹೊತ್ತಿನ ಹಾಲು ಕಡಿಮೆ ಮಾಡುತ್ತಾ ಬನ್ನಿ, ಆಮೇಲೆ ಇನ್ನೊಂದು ಹೊತ್ತಿನದು. ತೂಕ ಇಳಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಹಸಿ ಸೊಪ್ಪಿಗೆ ಸುಮಾರು 12 ವಾರದವರೆಗೆ ಕಾಯುವುದು ಒಳ್ಳೆಯದು. ಆಗಲೂ ಒಂದು ಸಲಕ್ಕೆ ಒಂದೇ ಬಗೆ, ಒಂದೆರಡು ಎಲೆ. ಒಂದೆರಡು ದಿನ ಹಿಕ್ಕೆ ಗಟ್ಟಿಯಾಗಿಯೇ ಬಂದರೆ ಸ್ವಲ್ಪ ಹೆಚ್ಚಿಸಿ. ಮೆತ್ತಗಾದರೆ ಆ ಸೊಪ್ಪು ನಿಲ್ಲಿಸಿ, ಒಣಹುಲ್ಲು ನೀರಿನಲ್ಲೇ ಕೆಲವು ದಿನ ಬಿಟ್ಟು, ಬೇರೆ ಸೊಪ್ಪಿನಿಂದ ಮತ್ತೆ ಶುರು ಮಾಡಿ.